ಗಾಳಿ ಇಳಿದ ಮೇಲೆ ಬರುವ ನೀರು

ಎಲ್ಲರಿಗೂ ನಮಸ್ಕಾರ.

'ಚಂಡಮಾರುತ ದುರ್ಬಲಗೊಂಡಿದೆ' ಎಂಬ ಸಾಲು ಟಿವಿಯಲ್ಲಿ ಬಂದರೆ ಸಾಕು, ಕರಾವಳಿಯಲ್ಲಿ ಜನ ನಿರಾಳರಾಗುತ್ತಾರೆ. ಪರಿಹಾರ ಕೇಂದ್ರದಲ್ಲಿದ್ದವರು ಮನೆ ಕಡೆ ಹೊರಡುತ್ತಾರೆ, ಕಟ್ಟಿಟ್ಟ ದೋಣಿಯ ಹಗ್ಗ ಬಿಚ್ಚುತ್ತಾರೆ. ಆ ಸಾಲಿನಲ್ಲಿ ಸುಳ್ಳೇನೂ ಇಲ್ಲ. ಅದು ಗಾಳಿಯ ಸುದ್ದಿ, ಅಷ್ಟೇ. ನೀರಿನ ಲೆಕ್ಕ ಬೇರೆಯೇ ಇದೆ. ಇವತ್ತು ನಾನು ಮಾತಾಡಬೇಕೆಂದಿರುವುದು ಆ ಲೆಕ್ಕದ ಬಗ್ಗೆ.

ನಮ್ಮ ಹವಾಮಾನ ಇಲಾಖೆಯ ವರ್ಗೀಕರಣ ನೋಡಿ. ಕೇಂದ್ರದ ಸುತ್ತ ಗಾಳಿ ಗಂಟೆಗೆ 31ರಿಂದ 50 ಕಿ.ಮೀ. ಇದ್ದರೆ ವಾಯುಭಾರ ಕುಸಿತ. 51ರಿಂದ 62 ಇದ್ದರೆ ತೀವ್ರ ವಾಯುಭಾರ ಕುಸಿತ. 63 ಮುಟ್ಟಿದ ಮೇಲೆಯೇ ಚಂಡಮಾರುತ, ಆಗಲೇ ಹೆಸರು. ಎಷ್ಟು ಮಳೆ ಸುರಿಯುತ್ತದೆ, ಎಷ್ಟು ನಿಧಾನವಾಗಿ ಸಾಗುತ್ತದೆ, ಕಡಲನ್ನು ಎಷ್ಟು ಕಲಕಿದೆ ಎಂಬುದು ಈ ಪಟ್ಟಿಯಲ್ಲಿ ಎಲ್ಲೂ ಬರುವುದಿಲ್ಲ. ಗಾಳಿಯ ಹೊಡೆತ ವೇಗದ ವರ್ಗಕ್ಕೆ, ಅಂದರೆ ವೇಗವನ್ನು ಅದರಿಂದಲೇ ಗುಣಿಸಿದ ಸಂಖ್ಯೆಗೆ, ತಕ್ಕಂತೆ ಏರಿಳಿಯುತ್ತದೆ: 80 ಇದ್ದ ವೇಗ 40ಕ್ಕೆ ಇಳಿದರೆ ಹೊಡೆತ ಕಾಲು ಭಾಗಕ್ಕೆ ಬರುತ್ತದೆ. ಹಾಗಾಗಿ ಹಂಚು, ಶೀಟು ಹಾರುವ ಭಯ ನಿಜಕ್ಕೂ ಕಡಿಮೆಯಾಗುತ್ತದೆ. ಮಳೆಗೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಮುಖ್ಯವಾಗುವುದು ಎಷ್ಟು ತೇವಾಂಶ ಒಳಬರುತ್ತಿದೆ, ಒಂದೇ ಜಾಗದ ಮೇಲೆ ಎಷ್ಟು ಹೊತ್ತು ನಿಂತಿದೆ ಎಂಬುದು.

2024ರ ಫೆಂಗಲ್ ಚಂಡಮಾರುತ ಇದಕ್ಕೆ ಒಳ್ಳೆಯ ಪಾಠ. ನವೆಂಬರ್ 30ರ ರಾತ್ರಿ ಪುದುಚೇರಿ ಬಳಿ ದಡ ಮುಟ್ಟಿದಾಗ ಅದರ ಗಾಳಿ ಗಂಟೆಗೆ 70-80 ಕಿ.ಮೀ. ಮಾತ್ರ. ಚಂಡಮಾರುತಗಳ ಪಟ್ಟಿಯಲ್ಲಿ ಅತಿ ಕೆಳಗಿನ ಮೆಟ್ಟಿಲು ಅದು. ದಡ ಹತ್ತಿದ ಮೇಲೆ ಅದನ್ನು ಮುಂದಕ್ಕೆ ತಳ್ಳುವ ಮೇಲ್ಪದರದ ಗಾಳಿಯೇ ಬಲವಾಗಿರಲಿಲ್ಲ. ಗಂಟೆಗಟ್ಟಲೆ ನಿಂತಲ್ಲೇ ನಿಂತಿತು. ಪುದುಚೇರಿಯಲ್ಲಿ ಒಂದು ದಿನದಲ್ಲಿ ಬಿದ್ದದ್ದು 46 ಸೆಂ.ಮೀ.ಗೂ ಹೆಚ್ಚು. ಇಲಾಖೆ 20.4 ಸೆಂ.ಮೀ. ದಾಟಿದರೆ 'ಅತ್ಯಧಿಕ ಮಳೆ' ಎನ್ನುತ್ತದೆ. ಇದು ಅದರ ಎರಡು ಪಟ್ಟು ಮೀರಿತು. 30-40ರ ಸೈಟಿನ ಮೇಲೆ 46 ಸೆಂ.ಮೀ. ಮಳೆ ಅಂದರೆ ಸುಮಾರು 51 ಸಾವಿರ ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರುಗಳು ಎಂಟೂವರೆ, ಒಂದೇ ದಿನ, ಒಂದೇ ಮನೆಯ ಅಂಗಳಕ್ಕೆ.

ಡಿಸೆಂಬರ್ 1ರಂದು ಅದು ವಾಯುಭಾರ ಕುಸಿತವಾಗಿ ಇಳಿಯಿತು. ದೊಡ್ಡ ಅನಾಹುತಗಳು ಶುರುವಾದದ್ದು ಆಮೇಲೆ. ಕಡಲಿನಿಂದ ನೂರು ಕಿಲೋಮೀಟರಿಗೂ ಆಚೆ ಇರುವ ಕೃಷ್ಣಗಿರಿ ಜಿಲ್ಲೆಯ ಊತ್ತಂಗರೆಯಲ್ಲಿ 50 ಸೆಂ.ಮೀ. ಮಳೆ. ತಿರುವಣ್ಣಾಮಲೆಯಲ್ಲಿ ಗುಡ್ಡ ಜಾರಿ ಏಳು ಜನ ಮಣ್ಣಿನಡಿ ಸತ್ತರು. ಸಾತನೂರು ಅಣೆಕಟ್ಟಿನಿಂದ ಡಿಸೆಂಬರ್ 2ರ ನಸುಕಿನಲ್ಲಿ 1.68 ಲಕ್ಷ ಕ್ಯೂಸೆಕ್ ನೀರು ಬಿಡಬೇಕಾಯಿತು. ಆ ಹೊಳೆ ನಮಗೆ ಪರಕೀಯವಲ್ಲ: ನಂದಿಬೆಟ್ಟದ ಕಡೆ ಹುಟ್ಟುವ ನಮ್ಮ ದಕ್ಷಿಣ ಪಿನಾಕಿನಿಯೇ ಅಲ್ಲಿ ತೆನ್‌ಪೆಣ್ಣೈ. ಕೊನೆಗೆ ಅದು ಕಡಲೂರಿನ ಬಳಿ ಸಮುದ್ರ ಸೇರುತ್ತದೆ. ಅಂದರೆ ಕರಾವಳಿಯವರಿಗೆ ನೆರೆ ಬರುವುದು ತಮ್ಮ ತಲೆಯ ಮೇಲೆ ಸುರಿದ ಮಳೆಯಿಂದ ಮಾತ್ರವಲ್ಲ. ತಮ್ಮೂರಲ್ಲಿ ಬಿಸಿಲು ಬಂದ ಮೇಲೂ ಘಟ್ಟದ ಕಡೆಯ ನೀರು ಇಳಿದು ಬರುತ್ತದೆ. ಆ ಹೊತ್ತಿಗೆ ಕಡಲಲ್ಲಿ ಉಬ್ಬರವಿದ್ದರೆ, ಗಾಳಿಯೂ ದಡದ ಕಡೆಗೇ ಬೀಸುತ್ತಿದ್ದರೆ, ಅಳಿವೆಯಲ್ಲಿ ಹೊಳೆ ಹೊರಹೋಗಲಾರದೆ ಹಿಂದಕ್ಕೆ ಒತ್ತುತ್ತದೆ. ತಗ್ಗಿನ ತೋಟ, ಗದ್ದೆಗಳಲ್ಲಿ ನೀರು ನಿಲ್ಲುವುದು ಹೀಗೆ. ಮಳೆಯ ಮುನ್ಸೂಚನೆಯ ಜೊತೆ ಉಬ್ಬರದ ವೇಳೆಯನ್ನೂ, ಮೇಲಿನ ಅಣೆಕಟ್ಟಿನ ಹೊರಹರಿವನ್ನೂ ಕೇಳಿ ತಿಳಿದುಕೊಳ್ಳಿ. ಮೂರನ್ನೂ ಒಟ್ಟಿಗೆ ನೋಡಬೇಕು.

ಫೆಂಗಲ್‌ನ ಅವಶೇಷ ಅಲ್ಲಿಗೇ ಮುಗಿಯಲಿಲ್ಲ. ಪರ್ಯಾಯ ದ್ವೀಪವನ್ನು ದಾಟಿ ಡಿಸೆಂಬರ್ 3ರಂದು ಉತ್ತರ ಕೇರಳ-ಕರ್ನಾಟಕ ತೀರದಾಚೆ ಅರಬ್ಬಿ ಸಮುದ್ರಕ್ಕಿಳಿಯಿತು. ಆ ದಿನ ದಕ್ಷಿಣ ಕನ್ನಡ, ಉಡುಪಿಯಲ್ಲಿ ಶಾಲೆಗಳಿಗೆ ರಜೆ ಕೊಟ್ಟಿದ್ದು ಅದಕ್ಕೇ. ಡಿಸೆಂಬರ್ ಅಂದರೆ ಅಂಗಳದಲ್ಲಿ ಅಡಿಕೆ ಒಣಗುವ ಕಾಲ, ಘಟ್ಟದ ಮೇಲೆ ಕಾಫಿ ಕೊಯ್ಲು. ಒದ್ದೆಯಾದ ಅಡಿಕೆ ರಾಶಿ ಹಾಕಿಟ್ಟರೆ ಬೂಸಲು ಹಿಡಿಯುತ್ತದೆ. ಟಾರ್ಪಾಲು ಮುಚ್ಚುವುದಕ್ಕಿಂತ ಮಾಡಿನಡಿ ತೆಳ್ಳಗೆ ಹರಡಿ ಗಾಳಿಯಾಡಲು ಬಿಡುವುದು ಮೇಲು. ಮರಗಳ ವಿಷಯದಲ್ಲೂ ಎಚ್ಚರ: ಎರಡು ದಿನ ನೆನೆದ ಮಣ್ಣಿನಲ್ಲಿ ಬೇರಿನ ಹಿಡಿತ ಸಡಿಲ. ಒಣ ನೆಲದಲ್ಲಿ ತಡೆದುಕೊಳ್ಳುತ್ತಿದ್ದ ಗಾಳಿಗೇ ಈಗ ಮರ ಉರುಳಬಹುದು, ಕರೆಂಟಿನ ತಂತಿಯ ಮೇಲೆಯೇ.

ರಸ್ತೆಯ ಮೇಲೆ ಹರಿಯುವ ನೀರನ್ನು ದಯವಿಟ್ಟು ಕಡೆಗಣಿಸಬೇಡಿ. ರಭಸವಿದ್ದರೆ 15 ಸೆಂ.ಮೀ. ಆಳ ಸಾಕು, ನಿಂತ ಮನುಷ್ಯ ಬೀಳುತ್ತಾನೆ. 30 ಸೆಂ.ಮೀ.ಗೆ ಸಣ್ಣ ಕಾರು ತೇಲಿಕೊಂಡು ಹೋಗಬಹುದು. ಕೆಂಪು ನೀರಿನಡಿ ಡಾಂಬರು ಉಳಿದಿದೆಯೋ ಕೊಚ್ಚಿಹೋಗಿದೆಯೋ ಮೇಲಿನಿಂದ ಕಾಣುವುದಿಲ್ಲ.

ಇನ್ನು ಕಡಲು. ಗಾಳಿ ಎಬ್ಬಿಸಿದ ಅಲೆ ಗಾಳಿಯ ಜೊತೆ ಸಾಯುವುದಿಲ್ಲ. ಉದ್ದನೆಯ ಅಲೆಗಳು ನೂರಾರು ಕಿಲೋಮೀಟರ್ ಸಾಗಿ, ಆಕಾಶ ತಿಳಿಯಾಗಿರುವ ದಿನ ದಡಕ್ಕೆ ಅಪ್ಪಳಿಸುತ್ತವೆ. 2017ರ ಒಖಿ ಚಂಡಮಾರುತ ನಮ್ಮ ತೀರದಿಂದ ದೂರದಲ್ಲೇ ಹಾದುಹೋಯಿತು, ಗುಜರಾತ್ ತಲುಪುವ ಹೊತ್ತಿಗೆ ಸೊರಗಿತ್ತು. ಆದರೂ ಉಳ್ಳಾಲದಲ್ಲಿ ಕಡಲ್ಕೊರೆತವಾಯಿತು. ಗಾಳಿಯ ಬುಲೆಟಿನ್ ಓದಿ ಸುಮ್ಮನಾಗದೆ ಹೈದರಾಬಾದಿನ ಇನ್‌ಕಾಯಿಸ್ (ಸಾಗರ ಮಾಹಿತಿ ಸೇವೆಗಳ ರಾಷ್ಟ್ರೀಯ ಕೇಂದ್ರ) ಕೊಡುವ ಎತ್ತರದ ಅಲೆಗಳ ಎಚ್ಚರಿಕೆಯನ್ನೂ ನೋಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ದೋಣಿಯವರಿಗೆ ಅತಿ ಅಪಾಯದ ಜಾಗ ಆಳ ಸಮುದ್ರವಲ್ಲ, ಅಳಿವೆ. ಎರಡು ಮೀಟರ್ ಎತ್ತರದ ಅಲೆ ಸುಮಾರು ಎರಡೂವರೆ ಮೀಟರ್ ಆಳದಲ್ಲಿ ಒಡೆಯುತ್ತದೆ. ಅಳಿವೆ ಬಾಯಿಯ ಮರಳದಿಬ್ಬದ ಮೇಲೆ ಇರುವುದೂ ಹೆಚ್ಚುಕಡಿಮೆ ಅಷ್ಟೇ ಆಳ. ಇಳಿತದ ಹೊತ್ತಿನಲ್ಲಿ ಹೊರಹೋಗುವ ನೀರು ಒಳಬರುವ ಅಲೆಗೆ ಎದುರಾಗುತ್ತದೆ. ಅಲೆಗಳ ನಡುವಿನ ಅಂತರ ಕಡಿಮೆಯಾಗಿ, ಅಲೆ ಕಡಿದಾಗಿ ಎದ್ದು ನಿಲ್ಲುತ್ತದೆ. ನಾಡದೋಣಿ ಅಡ್ಡ ತಿರುಗಿತೆಂದರೆ ಮಗುಚಿತು. ಹೊಳೆಯಲ್ಲಿ ನೆರೆಯಿದ್ದರೆ ಈ ಸೆಳೆತ ಇನ್ನೂ ಜೋರು, ಮರದ ದಿಮ್ಮಿಗಳೂ ತೇಲಿ ಬರುತ್ತಿರುತ್ತವೆ. ಒಳಬರಲೇಬೇಕಾದರೆ ಉಬ್ಬರ ತುಂಬಿ ನೀರು ನಿಂತಂತಾಗುವ ವೇಳೆಗೆ ಕಾಯಿರಿ. ನೆರೆ ಜೋರಾಗಿದ್ದರೆ ಹತ್ತಿರದ ದೊಡ್ಡ ಬಂದರಿಗೆ ಹೋಗಿ. ದಡದಲ್ಲಿರುವ ದೋಣಿಯನ್ನು ಎತ್ತರಕ್ಕೆ ಎಳೆದು ಕಟ್ಟಿದ್ದರೆ, ಗಾಳಿ ನಿಂತ ಮೇಲೂ ಅಲೆಯ ಎಚ್ಚರಿಕೆ ಹಿಂತೆಗೆಯುವವರೆಗೆ ಹಗ್ಗ ಬಿಚ್ಚಬೇಡಿ.