ಕರೆಂಟು ಮಿಟುಕಿದಾಗ: ಸಣ್ಣ ಕಾರ್ಖಾನೆಗೆ ಎಷ್ಟು ಬ್ಯಾಟರಿ ಬೇಕು?

ಕೇಳುಗರಿಗೆ ನಮಸ್ಕಾರ.

ಪೀಣ್ಯದಂಥ ಜಾಗದಲ್ಲಿರುವ ಒಂದು ಸಣ್ಣ ಸಿಎನ್‌ಸಿ ಶಾಪನ್ನು, ಅಂದರೆ ಕಂಪ್ಯೂಟರು ನಡೆಸುವ ಲೇತುಗಳಿರುವ ಕಾರ್ಖಾನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೂರು ಲೇತು, 10 ಎಚ್‌ಪಿಯ ಒಂದು ಕಂಪ್ರೆಸರು, ಹಿತ್ತಲಲ್ಲಿ ಡೀಸೆಲ್ ಜನರೇಟರು. ಏಪ್ರಿಲ್ ಸಂಜೆ ಗಾಳಿ ಎದ್ದು, ಎಲ್ಲೋ ಒಂದು ಕೊಂಬೆ 11 ಕೆವಿ ತಂತಿಗೆ ತಾಗುತ್ತದೆ. ಟ್ಯೂಬ್‌ಲೈಟು ಒಮ್ಮೆ ಮಿಟುಕುತ್ತದೆ, ಅಷ್ಟೆ. ಮನೆಯಲ್ಲಾದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಇಲ್ಲಿ ಅಷ್ಟರೊಳಗೆ ಮಷೀನಿಗೆ ಕರೆಂಟು ಬಿಡುವ ಕಾಂಟ್ಯಾಕ್ಟರು ಕಳಚಿಕೊಂಡು, ಮೋಟರುಗಳನ್ನು ನಡೆಸುವ ಸರ್ವೊ ಡ್ರೈವು ಲೋ ವೋಲ್ಟೇಜ್ ಅಲಾರಂ ತೋರಿಸಿ ನಿಂತಿರುತ್ತದೆ. ಟೂಲು ಜಾಬಿನಲ್ಲೇ ಕಚ್ಚಿಕೊಂಡಿರುತ್ತದೆ. ಟೂಲಿನ ತುದಿಯಲ್ಲಿ ಲೋಹ ಕತ್ತರಿಸುವ ಇನ್ಸರ್ಟಿನ ಮೂಲೆ ಮುರಿದಿದ್ದರೆ ಆ ಜಾಬು ಗುಜರಿಗೇ ಸೈ.

ಇದಕ್ಕೆ ಜನರೇಟರು ಮದ್ದಲ್ಲ. ಅದು ಎದ್ದು ಲೋಡು ಹೊರಲು 10–15 ಸೆಕೆಂಡು ಬೇಕು; ಮಷೀನು ನಿಲ್ಲಲು ಒಂದೆರಡು ಸೈಕಲ್ಲು, ಅಂದರೆ 20–40 ಮಿಲಿಸೆಕೆಂಡು ಸಾಕು. ಈ ಸಂದನ್ನು ತುಂಬುವುದೇ ಬ್ಯಾಟರಿಯ ಕೆಲಸ. ಜೊತೆಗೆ ಹತ್ತಿಪ್ಪತ್ತು ನಿಮಿಷದ ಪವರ್ ಕಟ್ಟುಗಳಿಗೆ ಜನರೇಟರು ಎಬ್ಬಿಸುವ ಗೋಜು ತಪ್ಪುತ್ತದೆ. ಲೀಟರ್ ಡೀಸೆಲ್ಲಿಗೆ ಸುಮಾರು 3 ಯೂನಿಟ್ಟು. ಲೀಟರಿಗೆ 90 ರೂಪಾಯಿ ಎಂದು ಹಿಡಿದರೂ ಯೂನಿಟ್ಟಿಗೆ 30 ರೂಪಾಯಿ ಬಿತ್ತು. ಹಾಗೆಂದು ನಾಲ್ಕು ಗಂಟೆಯ ಕಟ್ಟನ್ನೂ ಬ್ಯಾಟರಿಯಲ್ಲೇ ದಾಟಲು ಹೊರಡಬೇಡಿ. ಮೊದಲ ಅರ್ಧ ಗಂಟೆ ಬ್ಯಾಟರಿ, ಆಮೇಲೆ ಜನರೇಟರು.

ಈಗ ಲೆಕ್ಕ. ನೇಮ್‌ಪ್ಲೇಟು ನೋಡಿ ಕೂಡಿಸಬೇಡಿ, ಒಂದು ವಾರ ಮೀಟರು ಹಾಕಿ ಅಳೆಯಿರಿ. ನಮ್ಮ ಈ ಶಾಪಿನಲ್ಲಿ ಸರಾಸರಿ 20 ಕಿಲೋವ್ಯಾಟ್ ಓಡುತ್ತದೆ ಎನ್ನಿ. ಅರ್ಧ ಗಂಟೆಗೆ 10 ಯೂನಿಟ್ಟು. ಇನ್ವರ್ಟರಿನಲ್ಲಿ ಒಂದಿಷ್ಟು ಸೋರಿಕೆ, ಬ್ಯಾಟರಿಯಲ್ಲಿ ಬಳಸುವುದು ನೂರಕ್ಕೆ 80, ವಯಸ್ಸಾದ ಮೇಲೆ ಉಳಿಯುವ ಶಕ್ತಿಯೂ 80. ಎಲ್ಲ ಹಿಡಿದರೆ 17 ಯೂನಿಟ್ಟಿನ ಬ್ಯಾಟರಿ. ಬಹಳ ಮಂದಿ ಇಲ್ಲಿಗೇ ಲೆಕ್ಕ ಮುಗಿಸುತ್ತಾರೆ, ಎಡವುವುದೂ ಇಲ್ಲೇ. 280 ಆಂಪಿಯರ್-ಅವರಿನ 16 ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ಲು ಸಾಲಾಗಿ ಕೂಡಿಸಿದರೆ 51.2 ವೋಲ್ಟು, 14.3 ಯೂನಿಟ್ಟಿನ ಪ್ಯಾಕು. ಅದು ಅರ್ಧ 'ಸಿ' ಪ್ಯಾಕಾದರೆ, ಅಂದರೆ ಪೂರ್ತಿ ಖಾಲಿ ಮಾಡಲು ಕನಿಷ್ಠ ಎರಡು ಗಂಟೆ ಬೇಕಾದದ್ದಾದರೆ, ಸತತವಾಗಿ ಎಳೆಯಬಹುದಾದದ್ದು ಬರೀ 7 ಕಿಲೋವ್ಯಾಟ್ ಚಿಲ್ಲರೆ. 20 ಕಿಲೋವ್ಯಾಟಿಗೆ ಮೂರು ಪ್ಯಾಕು ಬೇಕು. ಒಂದೇ ಗಂಟೆಯಲ್ಲಿ ಖಾಲಿ ಮಾಡಬಹುದಾದ ಒಂದು 'ಸಿ' ಪ್ಯಾಕಾದರೆ ಎರಡು ಸಾಕು. ಕೊಟೇಶನ್ನಿನಲ್ಲಿ ಯೂನಿಟ್ಟಿನ ಪಕ್ಕ ಈ 'ಸಿ' ಅಂಕಿ ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ಇನ್ವರ್ಟರಿನ ಅಳತೆ ಬೇರೆಯೇ. ಜಾಬನ್ನು ತಿರುಗಿಸುವ ಸ್ಪಿಂಡಲ್ ವೇಗ ಹಿಡಿಯುವಾಗ ಒಂದೊಂದು ಲೇತೂ ಕೆಲವು ಸೆಕೆಂಡು 10 ಕಿಲೋವ್ಯಾಟ್ ಮೇಲೆಯೇ ಎಳೆಯಬಹುದು. ಅದಕ್ಕೇ 40 ಕೆವಿಎ ಇಟ್ಟುಕೊಳ್ಳೋಣ. ಫೇಸಿಗೆ ಸುಮಾರು 55 ಆಂಪಿಯರ್. ಕಂಪ್ರೆಸರಿನ 10 ಎಚ್‌ಪಿ ಮೋಟರು ನೇರ ಸ್ಟಾರ್ಟರಿನಲ್ಲಿ ಏಳುವಾಗ 80–90 ಆಂಪಿಯರ್ ಕೇಳುತ್ತದೆ. ಇನ್ವರ್ಟರು ಅಲ್ಲೇ ಟ್ರಿಪ್. ಮೋಟರನ್ನು ಎರಡು ಹಂತದಲ್ಲಿ ಎಬ್ಬಿಸುವ ಸ್ಟಾರ್-ಡೆಲ್ಟಾ ಸ್ಟಾರ್ಟರು ಹಾಕಿದರೆ ಮೂರನೇ ಒಂದು ಪಾಲಿಗೆ ಇಳಿಯುತ್ತದೆ, ಮೆಲ್ಲಗೆ ವೇಗಕ್ಕೆ ತರುವ ವಿಎಫ್‌ಡಿ ಇನ್ನೂ ಒಳ್ಳೆಯದು.

ಸ್ಪಿಂಡಲ್ ಬ್ರೇಕ್ ಹಾಕಿದಾಗ ಇನ್ನೊಂದು ಚೇಷ್ಟೆ ಇದೆ. ಅನೇಕ ಡ್ರೈವುಗಳು ಆಗ ಕರೆಂಟನ್ನು ಹಿಂದಕ್ಕೆ ತಳ್ಳುತ್ತವೆ. ಬ್ಯಾಟರಿ ನೂರಕ್ಕೆ ನೂರು ತುಂಬಿದ್ದರೆ ಅದಕ್ಕೆ ಹೋಗಲು ಜಾಗವಿಲ್ಲ. ವೋಲ್ಟೇಜು ಏರಿ ಇನ್ವರ್ಟರು ಕೈಬಿಡುತ್ತದೆ. ಹಾಗಾಗಿ ಕೆಲಸದ ದಿನಗಳಲ್ಲಿ 90ಕ್ಕೇ ಚಾರ್ಜು ನಿಲ್ಲಿಸಿ. ಆದರೆ ಎಲ್‌ಎಫ್‌ಪಿಯ ವೋಲ್ಟೇಜು ನಡುವೆ ಏರದೆ ಇಳಿಯದೆ ಇರುವುದರಿಂದ, ಎಷ್ಟು ತುಂಬಿದೆ ಎಂಬ ಬಿಎಂಎಸ್‌ನ, ಅಂದರೆ ಬ್ಯಾಟರಿ ಕಾಯುವ ಸರ್ಕ್ಯೂಟಿನ ಅಂದಾಜು ದಿನ ಕಳೆದಂತೆ ದಾರಿ ತಪ್ಪುತ್ತದೆ. ಭಾನುವಾರ ರಜೆಯಿರುವಾಗ ಪೂರ್ತಿ ತುಂಬಿಸಿ ಅದನ್ನು ತಿದ್ದಿಕೊಳ್ಳಿ.

51 ವೋಲ್ಟಿನಲ್ಲಿ 20 ಕಿಲೋವ್ಯಾಟ್ ಎಂದರೆ ಸುಮಾರು 400 ಆಂಪಿಯರ್. ಅಷ್ಟು ಕರೆಂಟು ಹರಿಯುವ ದಾರಿಯಲ್ಲಿ ಕೇಬಲ್ಲಿನ ತುದಿಯ ಒಂದು ಲಗ್ಗು ಸಡಿಲವಾಗಿ ಬರೀ ಒಂದು ಮಿಲಿಓಮ್ ಕೂಡಿದರೂ ಅಲ್ಲಿ 160 ವ್ಯಾಟ್ ಬಿಸಿ. ಒಂದು ಬೋಲ್ಟಿನ ಮೇಲೆ ಕಾದ ದೊಡ್ಡ ಸೋಲ್ಡರಿಂಗ್ ಐರನ್ ಇಟ್ಟಂತೆ. ಟಾರ್ಕ್ ರೆಂಚಿನಲ್ಲಿ ಬಿಗಿದು, ಬೋಲ್ಟಿನಿಂದ ಅದರಡಿಯ ಲೋಹದ ಪಟ್ಟಿಯವರೆಗೆ (ಬಸ್‌ಬಾರು) ಬಣ್ಣದ ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ಬೋಲ್ಟು ತಿರುಗಿದೆ. ತಿಂಗಳ ನಂತರ ಲೋಡಿನಲ್ಲೇ ಥರ್ಮಲ್ ಕ್ಯಾಮೆರಾ ಹಿಡಿಯಿರಿ. ಬ್ಯಾಟರಿ ಬದಿಯ ಫ್ಯೂಸು, ಬ್ರೇಕರು ಡಿಸಿಯವೇ ಆಗಿರಲಿ. ಎಸಿ ಬ್ರೇಕರಿನಲ್ಲಿ ಡಿಸಿ ಕಿಡಿ ಆರುವುದಿಲ್ಲ.

ಪ್ಯಾನೆಲ್ಲಿನ ಬಗ್ಗೆ ಎರಡು ಮಾತು. ಪವರ್ ಫ್ಯಾಕ್ಟರಿನ ಕೆಪಾಸಿಟರು ಇನ್ವರ್ಟರಿಗೆ ಮುಂಚೆ, ಗ್ರಿಡ್ಡಿನ ಬದಿಗಿರಲಿ. ಗ್ರಿಡ್ಡಿನಿಂದ ಕಳಚಿಕೊಂಡಾಗ ಇನ್ವರ್ಟರಿನ ನ್ಯೂಟ್ರಲ್ಲು ಭೂಮಿಗೆ ಸೇರಬೇಕು, ಇಲ್ಲದಿದ್ದರೆ ಮಷೀನಿನ ಮೈಗೆ ಕರೆಂಟು ಬಂದರೂ ಸೋರಿಕೆ ಕಂಡೊಡನೆ ಕತ್ತರಿಸಬೇಕಾದ ಆರ್‌ಸಿಸಿಬಿ ಬೀಳುವುದಿಲ್ಲ. ಶೀಟಿನ ಸೂರಿನಡಿ ಬ್ಯಾಟರಿ ಇಡಬೇಡಿ, ಸೆಕೆಗೆ ಅದರ ಆಯಸ್ಸು ಕರಗುತ್ತದೆ.

ಕರೆಂಟು ಹೋಗಿ ಇಪ್ಪತ್ತೈದು ನಿಮಿಷವಾದರೂ ಬಾರದಿದ್ದರೆ ಜನರೇಟರು ತಾನೇ ಏಳುವಂತೆ ಹೊಂದಿಸಿ. ಅದು ಬಿಸಿಯಾಗಿ ಕಾದಿರಲಿ, ಅರ್ಧ ಗಂಟೆ ಮುಗಿಯುವ ಮುನ್ನ ಲೋಡು ತೆಗೆದುಕೊಳ್ಳಲಿ. ಜನರೇಟರು ಓಡುವಾಗ ಅದರಿಂದ ಬ್ಯಾಟರಿ ಚಾರ್ಜಾಗದಂತೆ ಇನ್ವರ್ಟರಿನ ಚಾರ್ಜಿಂಗ್ ಮಿತಿ ಸೊನ್ನೆಗಿಡಿ.

ದುಡ್ಡಿನ ಕೊನೆಯ ಕಂತು ಕೊಡುವ ಮೊದಲು ಒಂದು ಶನಿವಾರ ಸಂಜೆ ಬೇಡದ ಕಬ್ಬಿಣದ ತುಂಡನ್ನು ಲೇತಿನ ಚಕ್‌ಗೆ ಹಿಡಿಸಿ, ಸ್ಪಿಂಡಲ್ ತಿರುಗುತ್ತಿರುವಾಗಲೇ ಮೇನ್ ಬ್ರೇಕರು ಕೆಳಗಿಳಿಸಿ. ಅಲಾರಂ ಬಂತೋ ಇಲ್ಲವೋ ನೋಡಿ. ಆಮೇಲೆ ಕಂಪ್ರೆಸರು ಏಳುವ ಹೊತ್ತಿಗೆ ಸರಿಯಾಗಿ ಇನ್ನೊಮ್ಮೆ ಇಳಿಸಿ.