ಪಿಟ್‌ಬುಲ್ ಯಾವುದು ಅಂತ ಮೊದಲು ಹೇಳಿ

ಎಲ್ಲರಿಗೂ ನಮಸ್ಕಾರ.

2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನೆ ಇಲಾಖೆ ರಾಜ್ಯಗಳಿಗೆಲ್ಲ ಒಂದು ಸುತ್ತೋಲೆ ಕಳಿಸಿತು. 23 ತಳಿಯ ನಾಯಿಗಳಿಂದ ಜನರ ಜೀವಕ್ಕೆ ಅಪಾಯವಿದೆ, ಇವುಗಳ ಆಮದು, ಮರಿ ಮಾಡಿಸುವುದು, ಮಾರಾಟ ಯಾವುದಕ್ಕೂ ಲೈಸೆನ್ಸ್ ಕೊಡಬೇಡಿ, ಈಗಾಗಲೇ ಮನೆಗಳಲ್ಲಿ ಇರುವವಕ್ಕೆ ಸಂತಾನಹರಣ ಮಾಡಿಸಿ ಎಂದು ಅದರ ಸಾರಾಂಶ. ಪಟ್ಟಿಯಲ್ಲಿ ಮೊದಲ ಹೆಸರು ಪಿಟ್‌ಬುಲ್ ಟೆರಿಯರ್. ಅದರ ಪಕ್ಕದಲ್ಲೇ ತೋಸಾ ಇನು. ಇನ್ನಷ್ಟು ಓದಿದರೆ ಜಪಾನೀಸ್ ತೋಸಾ. ಎರಡೂ ಒಂದೇ ನಾಯಿ ಸ್ವಾಮಿ! ಮತ್ತೊಂದು ಕಡೆ ಸುಮ್ನೆ ‘ಟೆರಿಯರ್ಸ್’ ಎಂದು ಬರೆದು ಬಿಟ್ಟಿದ್ದಾರೆ. ಮೂರು ಕೆ.ಜಿ. ತೂಗುವ, ತಲೆಗೆ ರಿಬ್ಬನ್ ಕಟ್ಟಿಸಿಕೊಂಡು ಮಡಿಲಲ್ಲಿ ಕೂರುವ ಯಾರ್ಕ್‌ಷೈರ್ ಟೆರಿಯರ್ ಕೂಡ ಟೆರಿಯರ್ ತಾನೆ?

ನಗು ಬರುತ್ತದೆ. ಆದರೆ ಆ ಪಟ್ಟಿಯ ಹಿಂದೆ ನಿಜವಾದ ಸಾವುಗಳಿವೆ. 2022ರ ಜುಲೈನಲ್ಲಿ ಲಕ್ನೋದಲ್ಲಿ 80 ದಾಟಿದ ಹೆಂಗಸೊಬ್ಬರನ್ನು ಅವರ ಮನೆಯ ಪಿಟ್‌ಬುಲ್ಲೇ ಕಚ್ಚಿ ಕೊಂದಿತು. ಅದಾದ ಕೆಲವೇ ತಿಂಗಳಲ್ಲಿ ಕಾನ್ಪುರ, ಘಾಜಿಯಾಬಾದ್ ನಗರಪಾಲಿಕೆಗಳು ಪಿಟ್‌ಬುಲ್, ರಾಟ್‌ವೀಲರ್ ಸಾಕುವುದಕ್ಕೆ ನಿಷೇಧ ಹೇರಿದವು. ಜನರ ಭಯ ಸುಳ್ಳಲ್ಲ. ಆ ಭಯಕ್ಕೆ ಸರ್ಕಾರಗಳು ಕೊಡುವ ಉತ್ತರ ಸರಿಯಿದೆಯಾ ಅನ್ನುವುದು ನನ್ನ ಇವತ್ತಿನ ವಿಷಯ.

ಮೊದಲು ಈ ನಾಯಿ ಎಲ್ಲಿಂದ ಬಂತು ನೋಡೋಣ. ಇಂಗ್ಲೆಂಡಿನಲ್ಲಿ ಗೂಳಿಯನ್ನು ಹಗ್ಗದಲ್ಲಿ ಕಬ್ಬಿಣದ ಬಳೆಗೆ ಕಟ್ಟಿ, ಅದರ ಮೇಲೆ ನಾಯಿ ಬಿಡುವ ಆಟ ನೂರಾರು ವರ್ಷ ನಡೆಯಿತು. ನಾಯಿ ಗೂಳಿಯ ಮೂಗು ಕಚ್ಚಿ ಹಿಡಿದು ನೆಲಕ್ಕೆ ತರಬೇಕು, ಬಿಡಬಾರದು. ಬರ್ಮಿಂಗ್‌ಹ್ಯಾಮ್ ಪೇಟೆಗೆ ಬುಲ್ ರಿಂಗ್ ಎಂಬ ಹೆಸರು ಇವತ್ತಿಗೂ ಇದೆ; ಈಗ ಅಲ್ಲಿರುವುದು ಶಾಪಿಂಗ್ ಮಾಲ್. 1835ರಲ್ಲಿ ಬ್ರಿಟಿಷ್ ಸಂಸತ್ತು ಪ್ರಾಣಿಹಿಂಸೆ ತಡೆ ಕಾಯ್ದೆ ತಂದು ಈ ಆಟ ನಿಲ್ಲಿಸಿತು.

ಜೂಜು ಮಾತ್ರ ನಿಲ್ಲಲಿಲ್ಲ. ಬಯಲಲ್ಲಿ ಗೂಳಿ ಕಟ್ಟಿದರೆ ಪೊಲೀಸರಿಗೆ ಕಾಣುತ್ತದೆ. ಹೆಂಡದಂಗಡಿಯ ಹಿಂದಿನ ಕೋಣೆಯಲ್ಲಿ ಹಲಗೆ ಹೊಡೆದು ಅಖಾಡ ಮಾಡಿ ಎರಡು ನಾಯಿ ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಕಚ್ಚಿ ಹಿಡಿಯುವ ಹಳೆಯ ಬುಲ್‌ಡಾಗ್‌ಗೂ ಚುರುಕಾದ ಟೆರಿಯರ್‌ಗೂ ಮಿಶ್ರ ಮಾಡಿದ ನಾಯಿಗಳು ಇದಕ್ಕೆ ಹೇಳಿ ಮಾಡಿಸಿದಂತಿದ್ದವು. ಇಲಿ ಕೊಲ್ಲುವ ಪಂದ್ಯವೂ ಇತ್ತು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಖಾಡದಲ್ಲಿ 1823ರಲ್ಲೇ ಬಿಲ್ಲಿ ಎಂಬ ನಾಯಿ 100 ಇಲಿಗಳನ್ನು ಐದೂವರೆ ನಿಮಿಷದಲ್ಲಿ ಮುಗಿಸಿ ಹೆಸರು ಮಾಡಿತ್ತು. ಪಿಟ್‌ಬುಲ್ ಎಂಬ ಹೆಸರಿನ ‘ಪಿಟ್’ ಅಂದರೆ ಈ ಅಖಾಡವೇ.

ಈ ನಾಯಿಕಾಳಗಕ್ಕೂ ನಿಯಮಗಳಿದ್ದವು. ಮುಂದೆ ಅಮೆರಿಕಕ್ಕೆ ಹೋದ ಮೇಲೆ ಅವು ಅಚ್ಚಾಗಿಯೂ ಬಂದವು. ಅದರಲ್ಲಿ ಒಂದನ್ನು ಓದಿದಾಗ ನಾನು ಬೆಚ್ಚಿಬಿದ್ದೆ. ಕಾಳಗಕ್ಕೆ ಮೊದಲು ಒಬ್ಬನ ನಾಯಿಗೆ ಎದುರಾಳಿಯ ಕಡೆಯವರು ಸ್ನಾನ ಮಾಡಿಸಬೇಕು. ಯಾಕೆ ಅಂದರೆ ನಾಯಿಯ ಚರ್ಮಕ್ಕೆ ವಿಷವನ್ನೋ ಕಹಿ ಮದ್ದನ್ನೋ ಸವರಿರಬಹುದು. ಅಖಾಡದ ಎರಡು ಬದಿಯಲ್ಲೂ ಗೆರೆ. ಇಬ್ಬರು ಮಾಲೀಕರು, ಒಬ್ಬ ತೀರ್ಪುಗಾರ ಒಳಗೇ ನಿಂತಿರುತ್ತಾರೆ. ಬಿಡಿಸಿದ ಮೇಲೆ ತನ್ನ ಗೆರೆ ದಾಟಿ ಮತ್ತೆ ಹೋಗಿ ಮೈಮೇಲೆ ಬೀಳದ ನಾಯಿ ಸೋತ ಹಾಗೆ. ಅಂದರೆ ಬಲಕ್ಕಿಂತ ಜಾಸ್ತಿ, ಪೆಟ್ಟು ತಿಂದರೂ ಹಿಂದೆ ಸರಿಯದ ಹಟಕ್ಕೇ ಬೆಲೆ. ಅಂಥ ನಾಯಿಯಿಂದಲೇ ಮುಂದಿನ ಮರಿಗಳು. ತಲೆಮಾರುಗಟ್ಟಲೆ ಮನುಷ್ಯ ಆರಿಸಿ ಆರಿಸಿ ಬೆಳೆಸಿದ ಗುಣ ಇದು.

ಅಖಾಡದೊಳಗೆ ಮನುಷ್ಯರು ನಿಂತಿರುತ್ತಿದ್ದರಿಂದ ಮನುಷ್ಯನನ್ನು ಕಚ್ಚುವ ನಾಯಿಯನ್ನು ಆಗಲೇ ಕೊಂದುಬಿಡುತ್ತಿದ್ದರು, ಆದ್ದರಿಂದ ಪಿಟ್‌ಬುಲ್ ಮನುಷ್ಯರ ಮಟ್ಟಿಗೆ ಸಾಧು ಎಂದು ಈ ನಾಯಿಯ ಪ್ರೇಮಿಗಳು ವಾದಿಸುತ್ತಾರೆ. ನಾನು ಇದನ್ನು ಪೂರ್ತಿ ನಂಬುವುದಿಲ್ಲ. ಗೆಲ್ಲುವ ನಾಯಿ ಯಜಮಾನನಿಗೆ ದುಡ್ಡು ತರುತ್ತಿತ್ತು. ಜೂಜುಕೋರ ದುಡ್ಡು ತರುವ ನಾಯಿಯನ್ನು ಕೊಲ್ಲುತ್ತಾನಾ? ಇದು ‘ಮಕ್ಕಳನ್ನು ನೋಡಿಕೊಳ್ಳುವ ದಾದಿ ನಾಯಿ’ಯಾಗಿತ್ತು ಅನ್ನುವ ಕಥೆಗೂ ಇತಿಹಾಸದ ಆಧಾರವಿಲ್ಲ.

ಅಮೆರಿಕದಲ್ಲಿ ಇದರ ಯೋಗವೇ ಬದಲಾಯಿತು. 1898ರಲ್ಲಿ ಚಾನ್ಸಿ ಬೆನೆಟ್ ಎಂಬಾತ ನಾಯಿಗಳ ತಳಿ ನೋಂದಾಯಿಸುವ ಯುನೈಟೆಡ್ ಕೆನಲ್ ಕ್ಲಬ್ ಎಂಬ ಸಂಸ್ಥೆ ಶುರು ಮಾಡಿ, ತನ್ನದೇ ನಾಯಿಯನ್ನು ಅಮೆರಿಕನ್ ಪಿಟ್‌ಬುಲ್ ಟೆರಿಯರ್ ಎಂದು ಮೊದಲ ನಂಬರಿನಲ್ಲಿ ನೋಂದಾಯಿಸಿದ. ದೊಡ್ಡ ಸಂಸ್ಥೆಯಾದ ಅಮೆರಿಕನ್ ಕೆನಲ್ ಕ್ಲಬ್‌ಗೆ ಕಾಳಗದ ಹೆಸರು ಮುಜುಗರ. ಅದು 1936ರಲ್ಲಿ ಅದೇ ಮೂಲದ ನಾಯಿಗಳನ್ನು ಸ್ಟಾಫರ್ಡ್‌ಷೈರ್ ಟೆರಿಯರ್ ಎಂದು ಬೇರೆ ಹೆಸರಲ್ಲಿ ಒಳಗೆ ಬಿಟ್ಟುಕೊಂಡಿತು. ಪಿಟ್‌ಬುಲ್ ಎಂಬ ತಳಿಯನ್ನು ಆ ಕ್ಲಬ್ ಇವತ್ತಿಗೂ ಮಾನ್ಯ ಮಾಡಿಲ್ಲ.

ಮೊದಲ ಮಹಾಯುದ್ಧದ ಹೊತ್ತಿಗೆ ಇದು ಅಲ್ಲಿ ದೇಶಪ್ರೇಮದ ನಾಯಿ. ಪೋಸ್ಟರ್‌ಗಳಲ್ಲಿ ಯುರೋಪಿನ ದೇಶಗಳ ನಾಯಿಗಳ ನಡುವೆ ಕೊರಳಿಗೆ ಅಮೆರಿಕದ ಬಾವುಟ ಸುತ್ತಿಕೊಂಡು ಇದನ್ನು ಕೂರಿಸುತ್ತಿದ್ದರು. ಆ ಯುದ್ಧಕ್ಕೆ ಹೋಗಿ ಬಂದ ಸಾರ್ಜೆಂಟ್ ಸ್ಟಬಿ ಎಂಬ ನಾಯಿಯ ದೇಹವನ್ನು ಸ್ಮಿತ್‌ಸೋನಿಯನ್ ಮ್ಯೂಸಿಯಂನಲ್ಲಿ ಕಾಪಾಡಿ ಇಟ್ಟಿದ್ದಾರೆ. ಪಿಟ್‌ಬುಲ್ ಅಭಿಮಾನಿಗಳು ಸ್ಟಬಿ ನಮ್ಮವನು ಅನ್ನುತ್ತಾರೆ. ಅವನು ಯೇಲ್ ವಿಶ್ವವಿದ್ಯಾಲಯದ ಮೈದಾನದಲ್ಲಿ ಸೈನಿಕರಿಗೆ ಸಿಕ್ಕಿದ ಬೀದಿ ನಾಯಿ. ತಳಿ ಯಾವುದೆಂದು ಯಾರಿಗೂ ಗೊತ್ತಿಲ್ಲ. ಹೆಸರು ಮಾಡಿದ ನಾಯಿ ಆದರೆ ನಮ್ಮ ತಳಿ, ಕಚ್ಚಿದ ನಾಯಿ ಆದರೆ ಇನ್ನೊಬ್ಬರ ತಳಿ!

ಮರ್ಯಾದೆ ಹೋಗಿದ್ದು 1980ರ ದಶಕದಲ್ಲಿ. 1976ರಲ್ಲಿ ಅಮೆರಿಕದ ಕೇಂದ್ರ ಕಾನೂನು ನಾಯಿಕಾಳಗದ ವ್ಯವಹಾರದ ಮೇಲೆ ಕೈ ಹಾಕಿತ್ತು. ಕಾಳಗದ ಸುದ್ದಿ ಪತ್ರಿಕೆಗಳಿಗೆ ಬಂದಷ್ಟೂ, ಗತ್ತು ತೋರಿಸಬೇಕೆನ್ನುವವರಿಗೆ ಇದೇ ನಾಯಿ ಬೇಕಾಯಿತು. 1987ರ ಜುಲೈನಲ್ಲಿ ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆ ಹಲ್ಲು ಕಿರಿದ ಪಿಟ್‌ಬುಲ್ಲನ್ನು ಮುಖಪುಟಕ್ಕೆ ಹಾಕಿ ‘ಈ ನಾಯಿಯಿಂದ ಎಚ್ಚರ’ ಎಂದಿತು. 1989ರಲ್ಲಿ ಡೆನ್ವರ್ ನಗರ ನಿಷೇಧ ಹೇರಿತು. ಮಯಾಮಿ ಪ್ರದೇಶವೂ ಅದೇ ವರ್ಷ. ಹೀಗೆ ಒಂದೊಂದು ಕಾಲಕ್ಕೆ ಒಂದೊಂದು ನಾಯಿ ಖಳನಾಯಕ ಆಗುವುದು ಹೊಸದೇನಲ್ಲ. ಆಸ್ಟ್ರೇಲಿಯಾ 1929ರಲ್ಲಿ ಜರ್ಮನ್ ಶೆಫರ್ಡ್ ಆಮದನ್ನೇ ನಿಲ್ಲಿಸಿತ್ತು. ಈಗ ಅದೇ ನಾಯಿ ಎಲ್ಲ ಕಡೆ ಪೊಲೀಸ್ ಕೆಲಸದಲ್ಲಿದೆ.

ಈಗ ಬ್ರಿಟನ್ ಕಾನೂನಿಗೆ ಬರೋಣ. ಕಲಿಯುವುದಕ್ಕೆ ಇಲ್ಲಿ ಜಾಸ್ತಿ ಇದೆ. 1991ರ ಬೇಸಿಗೆಯಲ್ಲಿ ಕೆಲವು ಭೀಕರ ದಾಳಿಗಳಾದ ಮೇಲೆ ಗೃಹ ಸಚಿವ ಕೆನೆತ್ ಬೇಕರ್ ಅಪಾಯಕಾರಿ ನಾಯಿಗಳ ಕಾಯ್ದೆಯನ್ನು ಆತುರಾತುರವಾಗಿ ಪಾಸು ಮಾಡಿಸಿದರು. ಪಿಟ್‌ಬುಲ್ ಟೆರಿಯರ್, ಜಪಾನೀಸ್ ತೋಸಾ, ಡೋಗೊ ಅರ್ಜೆಂಟಿನೊ, ಫಿಲಾ ಬ್ರಸಿಲೇರೊ, ಈ ನಾಲ್ಕು ನಿಷಿದ್ಧ. ಸಮಸ್ಯೆ ಏನೆಂದರೆ ಬ್ರಿಟನ್ನಿನ ಕೆನಲ್ ಕ್ಲಬ್ ಲೆಕ್ಕದಲ್ಲಿ ಪಿಟ್‌ಬುಲ್ ಅನ್ನುವ ತಳಿಯೇ ಇಲ್ಲ. ಹಾಗಾಗಿ ಕಾನೂನು ತಳಿಯ ಬದಲು ‘ಬಗೆ’ ನೋಡುತ್ತದೆ. ಪೊಲೀಸರ ಕಡೆಯ ಪರಿಣತ ಟೇಪು ಹಿಡಿದು ತಲೆ, ದವಡೆ, ಎದೆ, ಕಾಲು, ಬಾಲ ಎಲ್ಲವನ್ನೂ ನೋಡುತ್ತಾನೆ. ಬಹುಪಾಲು ಲಕ್ಷಣ ಹೊಂದಿದರೆ ಪಿಟ್‌ಬುಲ್. ತಾಯಿ ತಂದೆ ಲ್ಯಾಬ್ರಡಾರ್ ಮಿಶ್ರವೇ ಆಗಿರಲಿ, ಲೆಕ್ಕಕ್ಕಿಲ್ಲ. ಅಲ್ಲ ಎಂದು ಸಾಬೀತು ಮಾಡುವ ಹೊಣೆ ಸಾಕಿದವನದು. ಯಾರನ್ನೂ ಕಚ್ಚದೆ ಸೋಫಾದ ಮೇಲೆ ಮಲಗಿದ್ದ ನಾಯಿಯೂ ಅಳತೆಯಲ್ಲಿ ಸಿಕ್ಕಿಬೀಳಬಹುದು.

ಇಷ್ಟೆಲ್ಲ ಆಗಿ 30 ವರ್ಷ ಕಳೆದ ಮೇಲೆ ಏನಾಯಿತು? ಕಾಯ್ದೆಯ ಹೊರಗೆ ಉಳಿಯುವ ಹಾಗೆ ಇನ್ನೂ ದಪ್ಪ, ಇನ್ನೂ ಭಾರದ ಎಕ್ಸ್‌ಎಲ್ ಬುಲ್ಲಿ ಎಂಬ ನಾಯಿ ಅಮೆರಿಕದಿಂದ ಬಂತು. ಅದರಿಂದಲೂ ಜನ ಸತ್ತರು. 2024ರ ಫೆಬ್ರವರಿ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅದೂ ನಿಷಿದ್ಧ. ಗಂಡು ನಾಯಿಗೆ ಭುಜದ ಎತ್ತರ 20 ಇಂಚು, ಹೆಣ್ಣಿಗೆ 19 ಇಂಚು, ಅಲ್ಲಿಂದ ಮೇಲಾದರೆ ಅನುಮಾನ. ಮೊದಲೇ ಸಾಕಿದ್ದವರು ಸಂತಾನಹರಣ, ಮೈಕ್ರೋಚಿಪ್, ವಿಮೆ, ಹೊರಗೆ ಹೋದಾಗ ಬಾಯಿಗೆ ಕುಕ್ಕೆ ಮತ್ತು ಹಗ್ಗ, ಇವೆಲ್ಲಕ್ಕೆ ಒಪ್ಪಿ ಪ್ರಮಾಣಪತ್ರ ಪಡೆಯಬೇಕಿತ್ತು. 50 ಸಾವಿರಕ್ಕೂ ಹೆಚ್ಚು ನಾಯಿಗಳಿಗೆ ಹಾಗೆ ಪಡೆದರು. ಒಂದು ಬಗೆಯನ್ನು ಮುಚ್ಚಿದರೆ ಮಾರುವವನು ಇನ್ನೊಂದನ್ನು ತಯಾರು ಮಾಡುತ್ತಾನೆ. ನೆದರ್ಲೆಂಡ್ಸ್ 1993ರಲ್ಲಿ ಹಾಕಿದ್ದ ಪಿಟ್‌ಬುಲ್ ನಿಷೇಧವನ್ನು 2008ರಲ್ಲಿ ಕೈಬಿಟ್ಟಿತು. ಡೆನ್ವರ್ ಜನ 2020ರಲ್ಲಿ ಮತ ಹಾಕಿ ನಿಷೇಧ ತೆಗೆದು ಪರ್ಮಿಟ್ ಪದ್ಧತಿಗೆ ಹೋದರು.

ಕಣ್ಣಿನಿಂದ ನೋಡಿ ಹೇಳುವುದು ಎಷ್ಟು ಕಷ್ಟ ಎನ್ನುವುದಕ್ಕೆ ಫ್ಲಾರಿಡಾದ ನಾಲ್ಕು ನಾಯಿ ಆಶ್ರಯಗಳಲ್ಲಿ 120 ನಾಯಿಗಳ ಮೇಲೆ ನಡೆದ ಅಧ್ಯಯನವಿದೆ. ನೋಡಿದವರು ದಿನಾ ನಾಯಿಗಳ ಜೊತೆ ಕೆಲಸ ಮಾಡುವವರು, ಪಶುವೈದ್ಯರೂ ಇದ್ದರು. ಆದರೂ ಡಿಎನ್‌ಎಯಲ್ಲಿ ಪಿಟ್‌ಬುಲ್ ವಂಶದ ಸುಳಿವೇ ಇಲ್ಲದ ನಾಯಿಗಳಲ್ಲಿ ಮೂರಕ್ಕೊಂದನ್ನು ಒಬ್ಬರಾದರೂ ಪಿಟ್‌ಬುಲ್ ಎಂದಿದ್ದರು. ಇಷ್ಟು ಅನುಭವಸ್ಥರ ಕಥೆಯೇ ಹೀಗಾದರೆ, ಪಟ್ಟಿ ಹಿಡಿದು ಮನೆ ಬಾಗಿಲಿಗೆ ಬರುವ ನಮ್ಮ ಪಾಲಿಕೆಯ ಸಿಬ್ಬಂದಿ ಏನು ಮಾಡಬೇಕು?

2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನ, ನಾಯಿಗಳ ವರ್ತನೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ 9 ಮಾತ್ರ ಎಂದಿತು. ಈ ಅಂಕಿಯನ್ನು ಕೆಲವರು ಗದೆಯ ಹಾಗೆ ಬೀಸುತ್ತಾರೆ, ನನಗೆ ಅದೂ ಸರಿ ಕಾಣುವುದಿಲ್ಲ. ಎಷ್ಟು ಬೇಗ ಸಿಟ್ಟು ಬರುತ್ತದೆ ಅನ್ನುವುದು ಒಂದು, ಸಿಟ್ಟು ಬಂದಾಗ ಎಷ್ಟು ಹಾನಿಯಾಗುತ್ತದೆ ಅನ್ನುವುದು ಇನ್ನೊಂದು. ಸಾಮಾನ್ಯವಾಗಿ ಬೀದಿ ನಾಯಿ ಕಚ್ಚಿ ಓಡಿಹೋಗುತ್ತದೆ. ಕಚ್ಚಿ ಹಿಡಿದು ಜಗ್ಗಾಡುವುದಕ್ಕೆ ಅಂತಲೇ ಬೆಳೆಸಿದ ವಂಶದ, 25–30 ಕೆ.ಜಿ.ಯ ನಾಯಿ ಕಚ್ಚಿದರೆ ಗಾಯದ ಲೆಕ್ಕವೇ ಬೇರೆ. ಅದರ ದವಡೆಗೆ ಬೀಗ ಬೀಳುತ್ತದೆ ಅನ್ನುವುದು ಮಾತ್ರ ಕಟ್ಟುಕಥೆ. ಮೂಳೆ, ಕೀಲು ಎಲ್ಲಾ ನಾಯಿಗಳಿಗೆ ಇರುವಂಥದ್ದೇ. ಅದು ಬಿಡದಿರುವುದು ಹಟದಿಂದ.

ಸಾಕುವವರಿಂದ ಏನೆಲ್ಲ ಆಗುತ್ತದೆ ಅನ್ನುವುದಕ್ಕೆ ಮೈಕಲ್ ವಿಕ್ ಪ್ರಕರಣ ನೋಡಿ. 2007ರಲ್ಲಿ ಈ ಅಮೆರಿಕನ್ ಫುಟ್‌ಬಾಲ್ ತಾರೆಯ ವರ್ಜೀನಿಯಾದ ಜಾಗದಲ್ಲಿ ಕಾಳಗದ ಸುಮಾರು 50 ಪಿಟ್‌ಬುಲ್‌ಗಳು ಸಿಕ್ಕವು. ಅಲ್ಲಿಯವರೆಗೆ ಅಂಥ ನಾಯಿಗಳನ್ನು ಸಾಲಾಗಿ ಇಂಜೆಕ್ಷನ್ ಕೊಟ್ಟು ಕೊಲ್ಲುವುದೇ ವಾಡಿಕೆ. ಈ ಸಲ ನ್ಯಾಯಾಲಯ ಒಂದೊಂದನ್ನೂ ಪರೀಕ್ಷೆ ಮಾಡಿಸಿತು. ಬಹುಪಾಲು ನಾಯಿಗಳು ಉಳಿದವು, ಕೆಲವು ಮನೆಗಳಿಗೆ ಹೋದವು. ಅವುಗಳ ಖರ್ಚಿಗೆ ವಿಕ್ ಸುಮಾರು 9 ಲಕ್ಷ 28 ಸಾವಿರ ಡಾಲರ್ ಕೊಡಬೇಕಾಯಿತು. ಮಾಲೀಕನ ಜೇಬಿಗೆ ಕೈ ಹಾಕಿದ ಈ ಭಾಗ ನನಗೆ ಬಹಳ ಇಷ್ಟ.

ಇನ್ನು ನಮ್ಮ ಕಡೆಗೆ. 2023ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಈ ವಿಷಯವನ್ನು ಮೂರು ತಿಂಗಳಲ್ಲಿ ತೀರ್ಮಾನಿಸಿ ಎಂದು ಕೇಂದ್ರಕ್ಕೆ ಹೇಳಿತ್ತು. ಆ ಗಡುವಿನ ಬಿಸಿಯಲ್ಲೇ ನಾನು ಮೊದಲು ಹೇಳಿದ ಸುತ್ತೋಲೆ ಹೊರಬಂತು. ಅದು ಕರ್ನಾಟಕ ಹೈಕೋರ್ಟ್ ಮುಂದೆ ಬಂದಾಗ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಮೊದಲು ತಡೆ ಕೊಟ್ಟು, 2024ರ ಏಪ್ರಿಲ್ 10ರಂದು ರದ್ದು ಮಾಡಿದರು. ಸಂಬಂಧಪಟ್ಟವರನ್ನು ಕೇಳಿಲ್ಲ, ಸಮಿತಿ ಸರಿಯಾಗಿ ರಚನೆಯಾಗಿಲ್ಲ, ಇರುವ ನಿಯಮಗಳನ್ನು ಮೀರಿದೆ ಎನ್ನುವುದು ಕಾರಣ. ಎಲ್ಲರನ್ನೂ ಕೇಳಿ, ಕ್ರಮಬದ್ಧವಾಗಿ ಹೊಸದಾಗಿ ಮಾಡುವ ದಾರಿಯನ್ನು ಕೋರ್ಟ್ ಮುಚ್ಚಲಿಲ್ಲ. ಇದನ್ನು ‘ಪಿಟ್‌ಬುಲ್ ಗೆದ್ದಿತು’ ಎಂದು ಕುಣಿದವರು ತೀರ್ಪನ್ನು ಓದಿಲ್ಲ.

ಪ್ರಾಣಿಯನ್ನು ನಿರ್ಲಕ್ಷ್ಯದಿಂದ ಬಿಟ್ಟು ಜನರಿಗೆ ಅಪಾಯ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, ಐದು ಸಾವಿರದವರೆಗೆ ದಂಡ. ಮರಿಯ ಬೆಲೆಗಿಂತ ದಂಡ ಕಡಿಮೆ! ನಾಯಿ ಮರಿ ಮಾಡಿಸುವವರಿಗೆ, ಮಾರುವವರಿಗೆ 2017ರಿಂದಲೇ ನೋಂದಣಿ ನಿಯಮವಿದೆ. ಆದರೂ ‘ಪೇಪರ್ ಇದೆ ಸಾರ್, ಅಪ್ಪ ಚಾಂಪಿಯನ್’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಮರಿಯ ಫೋಟೊ ಕಳಿಸುವವರನ್ನು ನೋಂದಣಿ ನಂಬರ್ ಎಷ್ಟಪ್ಪಾ ಅಂತ ಕೇಳುವವರು ಯಾರು? ನನ್ನ ಬೇಡಿಕೆ ಸಣ್ಣದು. ಮಾರುವವನನ್ನು ಹಿಡಿಯಿರಿ. ತೂಕದ, ಬಲದ ನಾಯಿ ಯಾವುದೇ ಇರಲಿ, ಹೆಸರು ನೋಡದೆ ಮೈಕ್ರೋಚಿಪ್ಪು, ವಿಮೆ ಕಡ್ಡಾಯ ಮಾಡಿ. ಕಚ್ಚಿದರೆ ಆಸ್ಪತ್ರೆ ಬಿಲ್ಲು ಪೂರ್ತಿ ಸಾಕಿದವನದೇ ಆಗಲಿ.

ಭಾಷಣ ಮುಗಿದ ಮೇಲೆ ಯಾರಾದರೂ ಬಂದು ‘ಹಾಗಾದರೆ ಪಿಟ್‌ಬುಲ್ ತರಬಹುದಾ?’ ಎಂದು ಕೇಳುವುದು ಗ್ಯಾರಂಟಿ. ಅದಕ್ಕೆ ಈಗಲೇ ಉತ್ತರ ಹೇಳಿಬಿಡುತ್ತೇನೆ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಹೋಗಿ ರಾತ್ರಿ ಬರುವ ಮನೆಗೆ, ಹಗಲೆಲ್ಲ ಅಜ್ಜಿಯೊಬ್ಬರೇ ಇರುವ ಫ್ಲಾಟ್‌ಗೆ ಬೇಡ. ದಿನಕ್ಕೆ ಎರಡು ಹೊತ್ತು ಓಡಿಸಲು ಪುರುಸೊತ್ತಿಲ್ಲದವರಿಗೂ ಬೇಡ. ಗೇಟಿಗೆ ಹಾಕುವ ಬೋರ್ಡಿಗೋಸ್ಕರ ನಾಯಿ ಬೇಕಿದ್ದರೆ ಬೋರ್ಡನ್ನಷ್ಟೇ ಕೊಳ್ಳಿ, ಅಗ್ಗ. ಪ್ರಶ್ನೆಗಳಿದ್ದರೆ ಕೇಳಿ.