ಅಮೃತಾಪುರದ ಗೋಡೆಯನ್ನು ಓದುವುದು

ಕೇಳುಗರೆಲ್ಲರಿಗೂ ನಮಸ್ಕಾರ.

ಚಿಕ್ಕಮಗಳೂರು ಜಿಲ್ಲೆಯ ತರೀಕೆರೆಗೆ ಹತ್ತಿರದಲ್ಲಿ ಅಮೃತಾಪುರ ಎಂಬ ಊರಿದೆ. ಅಲ್ಲಿನ ಅಮೃತೇಶ್ವರ ದೇವಾಲಯವನ್ನು 1196ರಲ್ಲಿ, ಹೊಯ್ಸಳ ಅರಸ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, ಅಮೃತೇಶ್ವರ ದಂಡನಾಯಕ ಕಟ್ಟಿಸಿದನು. ಸಾಹಿತ್ಯವನ್ನೂ ದೃಶ್ಯಕಲೆಯನ್ನೂ ಒಟ್ಟಿಗೆ ಓದಬೇಕೆಂಬ ನನ್ನ ಹಟಕ್ಕೆ ಈ ಗುಡಿಗಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ. ಮುಖಮಂಟಪದ ಬಳಿಯ ದೊಡ್ಡ ಶಾಸನದಲ್ಲಿ ಕವಿಚಕ್ರವರ್ತಿ ಜನ್ನನ ಪದ್ಯಗಳಿವೆ. ಒಳಗೆ ತಲೆಯೆತ್ತಿ ನೋಡಿದರೆ ಕಾಣುವ ಭುವನೇಶ್ವರಿಗಳಲ್ಲಿ, ಅಂದರೆ ಕೆತ್ತನೆಯ ಒಳಛಾವಣಿಗಳಲ್ಲಿ, ರೂವಾರಿ ಮಲ್ಲಿತಮ್ಮನ ಕೈಕೆಲಸವಿದೆ. ಕವಿ, ಶಿಲ್ಪಿ ಇಬ್ಬರೂ ಒಂದೇ ಅಂಗಳದಲ್ಲಿ ದುಡಿದರು.

ನಮ್ಮ ಕಾಲೇಜುಗಳು ಅವರನ್ನು ಬೇರೆ ಮಾಡಿವೆ. ಜನ್ನ ಕನ್ನಡ ವಿಭಾಗಕ್ಕೆ ಹೋದ, ದಂಡನಾಯಕ ಇತಿಹಾಸ ವಿಭಾಗಕ್ಕೆ ಹೋದ, ಮಲ್ಲಿತಮ್ಮನಿಗೆ ಎಷ್ಟೋ ಕಡೆ ಯಾವ ವಿಭಾಗದಲ್ಲೂ ಜಾಗವಿಲ್ಲ. ಇದು ನನಗೆ ನಿಜವಾಗಿಯೂ ನೋವಿನ ಸಂಗತಿ. ಹಾಗೆ ಹಂಚಿಕೊಂಡಾಗ ಕೆಲವು ಪ್ರಶ್ನೆಗಳು ಹುಟ್ಟುವುದೇ ಇಲ್ಲ.

ಅಂಥ ಒಂದು ಪ್ರಶ್ನೆಯನ್ನು ಈಗ ನಿಮ್ಮ ಮುಂದಿಡುತ್ತೇನೆ. ಈ ಗುಡಿಯ ಮಂಟಪದ ಹೊರಗೋಡೆಯಲ್ಲಿ 140 ಉಬ್ಬುಶಿಲ್ಪದ ಫಲಕಗಳಿವೆ. ದಕ್ಷಿಣದ ಗೋಡೆಯ 70 ಫಲಕಗಳು ರಾಮಾಯಣದವು. ಉತ್ತರದ ಗೋಡೆಯಲ್ಲಿ ಕೃಷ್ಣನ ಕಥೆಗೆ 25, ಮಹಾಭಾರತಕ್ಕೆ 45. ಹೊಯ್ಸಳರ ಗುಡಿಗಳಲ್ಲಿ ಕಥೆ ಸಾಮಾನ್ಯವಾಗಿ ಪ್ರದಕ್ಷಿಣೆಯ ದಿಕ್ಕಿನಲ್ಲಿ ಸಾಗುತ್ತದೆ. ಒಮ್ಮೆ ಮನಸ್ಸಿನಲ್ಲೇ ಪ್ರದಕ್ಷಿಣೆ ಹಾಕಿ ನೋಡಿ: ಗುಡಿ ನಿಮ್ಮ ಬಲಕ್ಕಿರುತ್ತದೆ. ಗೋಡೆಯತ್ತ ತಿರುಗಿ ನಿಂತರೆ ಮುಂದಿನ ಫಲಕ ಎಡಕ್ಕೆ ಬರುತ್ತದೆ. ಅಂದರೆ ಕಲ್ಲಿನ ಕಥೆಯನ್ನು ಬಲದಿಂದ ಎಡಕ್ಕೆ ಓದಬೇಕು. ಓಲೆಗರಿಯ ಮೇಲಿನ ಕನ್ನಡವಾದರೋ ಎಡದಿಂದ ಬಲಕ್ಕೆ ಸಾಗುತ್ತದೆ. ಕಣ್ಣಿಗೆ ಅಕ್ಷರ ಕಲಿಸಿದ ಅಭ್ಯಾಸ ಒಂದು, ಭಕ್ತಿ ಕಾಲಿಗೆ ಕಲಿಸಿದ ಅಭ್ಯಾಸ ಇನ್ನೊಂದು.

ಅಮೃತಾಪುರದ ಉತ್ತರದ ಗೋಡೆ ರೂಢಿಯನ್ನು ಪಾಲಿಸುತ್ತದೆ. ದಕ್ಷಿಣದ ರಾಮಾಯಣ ಮಾತ್ರ ಅಪ್ರದಕ್ಷಿಣವಾಗಿ, ನಾವು ಬರೆಯುವ ಸಾಲಿನಂತೆಯೇ ಎಡದಿಂದ ಬಲಕ್ಕೆ ನಡೆಯುತ್ತದೆ. ಏಕೆ ಹೀಗೆ? ಆ ಗೋಡೆಯ ಮುಂದೆ ನಿಂತವನು ನಡೆಯುತ್ತ ನೋಡುವ ಭಕ್ತನೋ, ನಿಂತು ಓದುವ ಓದುಗನೋ? ಲಿಪಿಯನ್ನೂ ಶಿಲ್ಪವನ್ನೂ ಜೊತೆಗಿಟ್ಟು ನೋಡಿದವರಿಗೆ ಮಾತ್ರ ಈ ಪ್ರಶ್ನೆ ಹೊಳೆಯುತ್ತದೆ. ಮಾನವಿಕ ವಿಷಯಗಳ ತರಗತಿಯಲ್ಲಿ ಒಂದು ಇಡೀ ಅವಧಿಯನ್ನು ಇದಕ್ಕೆ ಕೊಟ್ಟರೂ ತಪ್ಪಿಲ್ಲ.

ಶಿಲ್ಪವನ್ನು ಕಾವ್ಯಕ್ಕೆ ಬರೆದ ಚಿತ್ರವೆಂದು ಎಣಿಸುವವರಿದ್ದಾರೆ. ಅವರು ಹಳೇಬೀಡಿನ ಹೊಯ್ಸಳೇಶ್ವರದಲ್ಲಿ ಅಭಿಮನ್ಯು ಚಕ್ರವ್ಯೂಹ ಹೊಕ್ಕ ಫಲಕವನ್ನು ನೋಡಬೇಕು. ವ್ಯೂಹದ ಸುರುಳಿಯನ್ನು ಮೇಲಿನಿಂದ ನೋಡಿದಂತೆ ಕೆತ್ತಲಾಗಿದೆ, ಯೋಧರನ್ನು ಪಕ್ಕದಿಂದ ನೋಡಿದಂತೆ. ಎರಡು ನೋಟಗಳು ಒಂದೇ ಕಲ್ಲಿನಲ್ಲಿ! ಕವಿ ಇದನ್ನು ಒಂದಾದ ಮೇಲೊಂದರಂತೆ ಹೇಳಬೇಕಾಗುತ್ತದೆ, ಶಿಲ್ಪಿಗೆ ಆ ಕಟ್ಟಿಲ್ಲ. ಬಾಲಕನಿಗೆ ಕಾಣದ ಹೊರದಾರಿಯ ತಿರುವುಗಳೆಲ್ಲ ನೋಡುವ ನಮಗೆ ಕಾಣುತ್ತವೆ. ದುರಂತವನ್ನು ಹೀಗೆ ಒಂದೇ ನೋಟಕ್ಕೆ ಕೊಡುವುದು ಶಿಲ್ಪಿಯ ಸ್ವಂತ ವ್ಯಾಖ್ಯಾನ. ಅದನ್ನು ಟೀಕೆಯ ಗ್ರಂಥದಷ್ಟೇ ಗೌರವದಿಂದ ಓದಬೇಕು.

ಇನ್ನು ಜನ್ನನ ಕಡೆಗೆ ಬರೋಣ. 1209ರಲ್ಲಿ ಅವನು ಮುಗಿಸಿದ ಯಶೋಧರ ಚರಿತೆಯಲ್ಲಿ ರಾಣಿ ಅಮೃತಮತಿ ಮಾವಟಿಗ ಅಷ್ಟಾವಂಕನನ್ನು ನೋಡುವ ಮೊದಲೇ ಅವನ ಹಾಡಿಗೆ ಮನಸೋಲುತ್ತಾಳೆ. ಹಾಡಿದವನಾರೆಂದು ನೋಡಿಬರಲು ದೂತಿಯನ್ನು ಕಳುಹಿಸುತ್ತಾಳೆ. ದೂತಿ ಮರಳಿ ಬಂದು ಅವನ ವಿಕಾರ ರೂಪವನ್ನು ಅಂಗಾಂಗವಾಗಿ ಬಣ್ಣಿಸುತ್ತಾಳೆ. ಕಿವಿ ಕಟ್ಟಿದ ಚಿತ್ರವನ್ನು ಕಣ್ಣು ಒಡೆಯಲು ಬರುತ್ತದೆ, ರಾಣಿ ಒಪ್ಪುವುದಿಲ್ಲ. ನೋಡುವುದೆಂದರೇನು, ಕೇಳುವುದೆಂದರೇನು ಎಂದು ಇಷ್ಟು ಹರಿತವಾಗಿ ಯೋಚಿಸಿದ ಕವಿಯನ್ನು ನಾವು ಛಂದಸ್ಸು, ಅಲಂಕಾರಗಳ ಪರೀಕ್ಷೆಗೆ ಮಾತ್ರ ಓದಿಸುತ್ತಿದ್ದೇವೆ. ಇವನೇ ಅಮೃತಾಪುರದ ಕಲ್ಲಿಗೂ ಪದ್ಯ ಬರೆದವನು ಎಂದು ತಿಳಿದ ವಿದ್ಯಾರ್ಥಿ ದೂತಿಯ ಆ ವರ್ಣನೆಯನ್ನು ಬೇರೆಯೇ ಕಿವಿಯಿಂದ ಕೇಳುತ್ತಾನೆ.

ಮಲ್ಲಿತಮ್ಮನ ಬಗ್ಗೆಯೂ ಎರಡು ಮಾತು. ಅವನ ಹೆಸರು 1258ರ ಸೋಮನಾಥಪುರದಲ್ಲೂ ಸಿಗುತ್ತದೆ. ಕೆಲವೆಡೆ ‘ಮಲ್ಲಿ’, ಕೆಲವೆಡೆ ಬರೀ ‘ಮ’. ಹೆಸರಿಲ್ಲದ ಕುಶಲಕರ್ಮಿಗಳು ಎಂಬ ಮಾತನ್ನು ಕನ್ನಡ ನಾಡಿನ ಶಿಲ್ಪಿಗಳ ವಿಷಯದಲ್ಲಿ ಯಾರೂ ಹಗುರವಾಗಿ ಆಡಬಾರದು. ಅವರು ಕೃತಿಕಾರರು, ಸಹಿ ಹಾಕಿದವರು.

ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ಕೋರಿಕೆ. ವಿದ್ಯಾರ್ಥಿಗಳನ್ನು ಗುಡಿಗೆ ಕರೆದೊಯ್ದಾಗ ಕಥೆಯನ್ನು ಮೊದಲೇ ಹೇಳಿಬಿಡಬೇಡಿ. ಒಬ್ಬೊಬ್ಬರಿಗೂ ಒಂದು ಫಲಕವನ್ನು ಒಪ್ಪಿಸಿ, ಅದನ್ನು ನೋಡಿರದವರಿಗೆ ವಿವರಿಸುವಂತೆ ಒಂದು ಪುಟ ಬರೆಸಿ. ಯಾರು ಎಲ್ಲಿ ನಿಂತಿದ್ದಾರೆ, ಯಾರು ದೊಡ್ಡವರಾಗಿ ಕಾಣುತ್ತಾರೆ, ಕೈ ಯಾವ ಕಡೆಗೆ ಚಾಚಿದೆ ಎಂಬುದೆಲ್ಲ ಅದರಲ್ಲಿ ಬರಲಿ. ಕಾವ್ಯದ ಪಾಠವನ್ನು ಆಮೇಲೆ ತೆರೆಯಿರಿ. ಶಾಸನಗಳ ಪಾಠ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳಲ್ಲಿ ಅಚ್ಚಾಗಿದೆ. ಅದರ ಪ್ರತಿಯನ್ನು ಕೈಯಲ್ಲಿ ಹಿಡಿದು, ಕಲ್ಲಿನ ಮುಂದೆ ನಿಂತು, ಜನ್ನನ ಪದ್ಯಗಳನ್ನು ಗಟ್ಟಿಯಾಗಿ ಓದಿಸಿ.

ನಮಸ್ಕಾರ.